ಹಟ್ಟಿ ಬಾಗಿಲ ನೆಪ್ಚೂನ್

ಓಬಳಪ್ಪ ಮೇಷ್ಟ್ರ ಗಣಿತದ ಕ್ಲಾಸಿನಲ್ಲಿ ರಬ್ಬರ್ ಇಟ್ಟುಕೊಳ್ಳುವಂತಿರಲಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾದ ದಿನವೇ ಮಕ್ಕಳ ಕಂಪಾಸ್ ಬಾಕ್ಸ್ ತೆಗೆಸಿ, ಅದರೊಳಗಿನ ರಬ್ಬರ್ ಚೂರುಗಳನ್ನೆಲ್ಲ ಒಂದು ಡಬ್ಬಿಗೆ ಹಾಕಿಸಿ, ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಲೆಕ್ಕ ತಪ್ಪಿದರೆ ತಪ್ಪಿದ ಸಾಲಿನ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು, ಅದರ ಕೆಳಗೆ ಸರಿಯಾದದ್ದನ್ನು ಬರೆಯಬೇಕು. ಎರಡು ಗೆರೆ ಎಳೆದವರಿಗೆ ಬೈಗುಳ ತಪ್ಪದು. ಗೀಚಿ ಕಪ್ಪು ಮಾಡಿದವರ ಪಾಡಂತೂ ಕೇಳುವುದೇ ಬೇಡ. ಎಲ್ಲಿ ದಾರಿ ತಪ್ಪಿದೆವೆಂದು ನಾಳೆ ತಿರುಗಿ ನೋಡಿದರೆ ತಿಳಿಯಬೇಕು, ಗೆರೆಯ ಕೆಳಗಿರುವುದು ಕಾಣಬೇಕು ಎಂಬುದು ಅವರ ಹಟ. ತಪಾಸಣೆಗೆ ಬಂದ ಸಾಹೇಬರೊಬ್ಬರು ಮಕ್ಕಳ ಪುಸ್ತಕ ಗಲೀಜಾಗಿದೆ ಎಂದು ಮುಖ ಸಿಂಡರಿಸಿದಾಗ, ಕಲಿತವರ ಪುಸ್ತಕ ಹಾಗೇ ಇರುತ್ತದೆ ಸಾರ್ ಎಂದುಬಿಟ್ಟಿದ್ದರು. ಸಾಹೇಬರಿಗೆ ಅದು ರುಚಿಸಲಿಲ್ಲ. ಮೇಷ್ಟ್ರಿಗೆ ಸಾಹೇಬರೂ ಅಷ್ಟೇನೂ ರುಚಿಸಿರಲಿಲ್ಲ.

ಮೇಷ್ಟ್ರ ಹುಟ್ಟೂರು ಮೊಳಕಾಲ್ಮುರು ತಾಲ್ಲೂಕಿನಲ್ಲಿ, ಸಿದ್ದಾಪುರದ ಹತ್ತಿರ. ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಮೇಕೆ ಕಾಯುವಾಗ ಎರಡೂ. ಬ್ರಹ್ಮಗಿರಿಯ ಬುಡದಲ್ಲಿ ಹಳೇ ಶಾಸನ ಕೊರೆದ ಅಕ್ಷರಗುಂಡಿನ ಹತ್ತಿರ ಬುತ್ತಿ ಬಿಚ್ಚಿ ಉಂಡು ಬೆಳೆದ ಹುಡುಗ. ಎರಡು ಸಾವಿರ ವರ್ಷಕ್ಕೂ ಹಿಂದೆ ಉಳಿ ಹಿಡಿದು ಆ ಬಂಡೆಯ ಮೇಲೆ ಬರೆದವನ ಕೈಯಲ್ಲಿ ರಬ್ಬರ್ ಇತ್ತೇನ್ರಲೇ ಎಂದು ಈಗ ತಮ್ಮ ಕ್ಲಾಸಿನ ಮಕ್ಕಳನ್ನು ಕೇಳುತ್ತಾರೆ. ಮಕ್ಕಳು ಇಲ್ಲ ಸಾ ಎನ್ನುತ್ತವೆ. ಪ್ರತಿ ವರ್ಷ ಅದೇ ಪ್ರಶ್ನೆ, ಅದೇ ಉತ್ತರ. ಮಾತು ಒರಟು, ಮನಸ್ಸು ಮೆತ್ತಗೆ ಎಂದು ಕೆಲವರನ್ನು ಹೊಗಳುವುದುಂಟು. ಓಬಳಪ್ಪನವರ ಮನಸ್ಸೂ ಲೆಕ್ಕದ ವಿಷಯದಲ್ಲಿ ಒರಟೇ. ತಪ್ಪನ್ನು ಸರಿಯೆಂದು ಒಪ್ಪಿಕೊಂಡು ಯಾರ ಮೂಗಿಗೂ ಅವರು ತುಪ್ಪ ಸವರಿದವರಲ್ಲ.

ದನ ಕುರಿ ಮೇಯುವ ಹುಲ್ಲುಗಾವಲಾಗಿದ್ದ ಉಳ್ಳಾರ್ತಿ ಕಾವಲಿನ ಅಂಚಿಗಿರುವ ಈ ಶಾಲೆಗೆ ಅವರು ಬಂದಾಗ ಕಾವಲಿಗೆ ಬೇಲಿ ಬಂದು ಕೆಲವು ವರ್ಷಗಳಾಗಿದ್ದವು. ಮನೆ ತಳಕು ಎಂಬ ಊರಿನಲ್ಲಿ ಮಾಡಿಕೊಂಡು ದಿನಾ ಬೈಕಿನಲ್ಲಿ ಬಂದುಹೋಗುತ್ತಿದ್ದರು. ಬೇಲಿಯಾಚೆ ದೊಡ್ಡ ದೊಡ್ಡ ವಿಜ್ಞಾನಿಗಳು ಏನೇನೋ ಕೆಲಸ ಮಾಡುತ್ತಾರೆ ಎಂಬುದಷ್ಟೇ ಬೇಲಿಯೀಚೆಯವರಿಗೆ ಗೊತ್ತಿದ್ದದ್ದು. ಚಂದ್ರನ ಮೇಲಿರುವಂಥ ಗುಂಡಿಗಳನ್ನೇ ಅಲ್ಲಿ ತೋಡಿ, ಮೇಲೆ ಹಾರಾಡಿ, ಇಳಿಯುವುದನ್ನು ಅಭ್ಯಾಸ ಮಾಡಿದ್ದರೆಂಬ ಮಾತು ಕುರಿ ಕಾಯುವವರ ಬಾಯಿಂದ ಚಹಾದಂಗಡಿಯವರೆಗೆ ಎಲ್ಲ ಕಡೆ ಓಡಾಡುತ್ತಿತ್ತು. ಹೀಗಾಗಿ ಆ ಆಗಸ್ಟ್ ಸಂಜೆ ನಮ್ಮ ದೇಶದ ನೌಕೆ ಚಂದ್ರನ ಮೇಲೆ ಇಳಿದಾಗ, ಶಾಲೆಯ ಟೀವಿಯ ಮುಂದೆ ಕೂತಿದ್ದ ಮಕ್ಕಳು ತಮ್ಮ ಹೊಲಕ್ಕೇ ಇಳಿಯಿತೆಂಬಂತೆ ಚಪ್ಪಾಳೆ ಹೊಡೆದವು.

ಚಪ್ಪಾಳೆ ನಿಂತ ಮೇಲೆ ಏಳನೇ ಕ್ಲಾಸಿನ ಸ್ವಪ್ನ ಎದ್ದು ನಿಂತು ಚಂದ್ರ ಎಷ್ಟು ದೂರ ಐತೆ ಎಂದು ಕೇಳಿದಳು. ಮೂರು ಲಕ್ಷದ ಎಂಬತ್ನಾಲ್ಕು ಸಾವಿರ ಕಿಲೋಮೀಟರ್ ಎಂದರು ಮೇಷ್ಟ್ರು. ಅವಳು ಕೂರಲಿಲ್ಲ.

"ಅದು ಅಂಕಿ ಸಾ. ನಾನು ಕೇಳಿದ್ದು ಎಷ್ಟು ದೂರ ಅಂತ."

ಇಪ್ಪತ್ತೈದು ವರ್ಷ ಗಣಿತ ಹೇಳಿದ ಮೇಲೆ ಒಂದು ಹುಡುಗಿ ಎದುರಿಗೆ ನಿಂತು ನಿನ್ನ ಅಂಕಿ ನನಗೆ ಬೇಡ ಎನ್ನುತ್ತಿದ್ದಾಳೆ. ಆಕೆ ಹೇಳುತ್ತಿರುವುದು ಸರಿಯಾಗಿಯೂ ಇದೆ. ಒಂದು ವಾರ ಅದೇ ಗುಂಗಿನಲ್ಲಿದ್ದ ಮೇಷ್ಟ್ರು ಕೊನೆಗೆ ಶಾಲೆಯ ಗೋಡೆಯ ಮೇಲೆ ಮೂರಡಿ ಅಗಲದ ಹಳದಿ ಸೂರ್ಯನನ್ನು ಬರೆಸಿದರು. ಸೂರ್ಯ ಇಷ್ಟಾದರೆ ಭೂಮಿ ಎಷ್ಟು? ಭಾಗಾಕಾರ ಮಾಡಿ ನೋಡಿದರೆ ಒಂದು ಕಡಲೆಕಾಳು. ಆ ಕಾಳು ಸೂರ್ಯನಿಂದ ನೂರು ಮೀಟರ್ ದೂರಕ್ಕೆ, ಗೇಟು ದಾಟಿ ರಸ್ತೆಯ ಪಕ್ಕಕ್ಕೆ ಹೋಯಿತು. ಅದರ ಹತ್ತಿರ ಒಂದು ನವಣೆ ಕಾಳಿಟ್ಟು ಇದು ಚಂದ್ರ ಎಂದರು. ಎರಡರ ನಡುವೆ ಸ್ವಪ್ನ ಮಣ್ಣಿನಲ್ಲಿ ಮಂಡಿಯೂರಿ ಕೂತು ತನ್ನ ಗೇಣು ಚಾಚಿದಳು, ಸಾಲಲಿಲ್ಲ. ಮೇಷ್ಟ್ರ ಕೈ ಹಿಡಿದು ಎಳೆದು ಅವರ ಗೇಣಿಟ್ಟು ನೋಡಿದಳು. ಗೇಣಿನ ಮೇಲೆ ಒಂದು ಬೆರಳು ಜಾಸ್ತಿ. ಮನುಷ್ಯ ಇಲ್ಲಿಯವರೆಗೆ ಹೋಗಿ ಕಾಲಿಟ್ಟು ಬಂದದ್ದೆಲ್ಲ ಇಷ್ಟೇ ದೂರ ಎಂದಾಗ ಮಕ್ಕಳು ಬಗ್ಗಿ ಕಾಳುಗಳನ್ನೇ ನೋಡಿದವು.

ಅನುಪಾತದ ಪಾಠ ಅಲ್ಲಿಂದ ರಸ್ತೆಯ ಮೇಲೇ ನಡೆಯಿತು. ಮಂಗಳ, ಗುರು, ಶನಿ, ಒಂದೊಂದಕ್ಕೂ ಮೊಣಕಾಲೆತ್ತರದ ಒಂದು ಕಲ್ಲು. ಕಲ್ಲಿಗೆ ಸುಣ್ಣ ಬಳಿದು, ನಡುವೆ ಆ ಗ್ರಹ ಎಷ್ಟಿರಬೇಕೋ ಅಷ್ಟೇ ದೊಡ್ಡ ಬಣ್ಣದ ಬೊಟ್ಟು. ಗುರು ಬೇಲದ ಹಣ್ಣಿನಷ್ಟು. ದೂರ ಅಳೆಯಲು ಮೇಷ್ಟ್ರು ಒಂದು ಹಳೇ ಸೈಕಲ್ ತಂದಿದ್ದರು. ಗಾಲಿಗೆ ಕೆಂಪು ಬಟ್ಟೆ ಕಟ್ಟಿ, ಬಟ್ಟೆ ನೆಲಕ್ಕೆ ಬಂದಾಗಲೆಲ್ಲ ಒಂದು ಸುತ್ತು ಎಂದು ಎಣಿಸಬೇಕು. ಒಂದು ಸುತ್ತೆಂದರೆ ಎಷ್ಟು ನೆಲ ಎಂಬುದನ್ನು ಗಾಲಿಯ ವ್ಯಾಸದಿಂದ ಲೆಕ್ಕ ಹಾಕಬೇಕು. ನೆಪ್ಚೂನಿನ ಸರದಿ ಬಂದಾಗ ಸ್ವಪ್ನ ಲೆಕ್ಕ ಮುಗಿಸಿ ಮೊದಲು ಕೈಯೆತ್ತಿದಳು. ಭೂಮಿಗಿಂತ ಮೂವತ್ತು ಪಟ್ಟು ದೂರ, ಮೂರು ಕಿಲೋಮೀಟರ್. ಮೂರು ಕಿಲೋಮೀಟರ್ ಎಂದರೆ ಅವಳ ಹಟ್ಟಿ. ದಿನಾ ನಡೆದು ಬರುವ ಹುಡುಗಿಗೆ ಅದು ಗೊತ್ತಿಲ್ಲದೆ ಇರುತ್ತದೆಯೇ? ಕ್ಲಾಸಿಗೆಲ್ಲ ಖುಷಿಯೋ ಖುಷಿ.

ಗಾಲಿ ಉರುಳಿಸಿಕೊಂಡು ಹೊರಟರು. ಬೇಲಿಯ ಪಕ್ಕದಲ್ಲೇ ಎರಡು ಕಿಲೋಮೀಟರ್ ನೆಟ್ಟಗೆ, ಬೇಲಿಯ ಮೂಲೆ ಸಿಕ್ಕಲ್ಲಿ ಎಡಕ್ಕೆ ತಿರುಗಿ ಮತ್ತೊಂದು ಕಿಲೋಮೀಟರ್. ಎಣಿಕೆ ಮುಗಿದದ್ದು ಸರಿಯಾಗಿ ಹಟ್ಟಿಯ ಬಾಗಿಲಲ್ಲಿ. ಕಲ್ಲು ನೆಟ್ಟು, ಬಟ್ಟೆಗೆ ಹಾಕುವ ನೀಲಿಯನ್ನು ಕಲಸಿ, ಸಣ್ಣ ನಿಂಬೆಕಾಯಿಯಷ್ಟು ಬೊಟ್ಟನ್ನು ಸ್ವಪ್ನಳೇ ಬರೆದಳು. ಇಡೀ ಕ್ಲಾಸಿನಲ್ಲಿ ಸ್ವಂತ ಗ್ರಹ ಇದ್ದವಳು ಅವಳೊಬ್ಬಳೇ ಎಂದು ಮಕ್ಕಳು ರೇಗಿಸುತ್ತಿದ್ದವು. ಅವಳ ಅವ್ವ ಪಾತಮ್ಮ ಆವತ್ತು ಎಲ್ಲರಿಗೂ ಮಜ್ಜಿಗೆ ಕೊಟ್ಟಿದ್ದಳು.

ಮುಂದಿನ ವರ್ಷ ಶೇಂಗಾ ಕೀಳುವ ಕಾಲಕ್ಕೆ ಸ್ವಪ್ನ ಹೋದಳು. ಸಂಜೆ ಹೊಲದಲ್ಲಿ ಬಳ್ಳಿಯ ಗುಡ್ಡೆಗೆ ಕೈ ಹಾಕಿದಾಗ ಹಾವು ಕಡಿಯಿತು. ಅಪ್ಪ ದೊಡ್ಡೀರಪ್ಪ ಕುರಿ ಹೊಡೆದುಕೊಂಡು ಆಂಧ್ರದ ಕಡೆ ಹೋಗಿದ್ದ. ಯಾರದೋ ಬೈಕಿನ ಮೇಲೆ ನಡುವೆ ಕೂರಿಸಿಕೊಂಡು ಹೊರಟರು. ಚಳ್ಳಕೆರೆ ಮುಟ್ಟುವ ಮೊದಲೇ ಮುಗಿದುಹೋಯಿತು. ಓಬಳಪ್ಪ ಮೇಷ್ಟ್ರು ಮಣ್ಣಿಗೆ ಹೋಗಿ ಬಂದು, ಮಾರನೇ ದಿನ ಕ್ಲಾಸಿನಲ್ಲಿ ಹಾಜರಿ ಕರೆಯುವಾಗ ಅವಳ ಹೆಸರಿನ ಹತ್ತಿರ ಬಂದು ನಿಂತರು. ಆಮೇಲೆ ಮುಂದಕ್ಕೆ ಹೋಗಲಾಗದೆ ಮಕ್ಕಳ ಮುಂದೆಯೇ ಅತ್ತರು.

ಆ ಕಡೆಯ ಹಟ್ಟಿಗಳಲ್ಲಿ ಅಕಾಲಕ್ಕೆ ಹೋದವರನ್ನು ಒಂದು ಕಲ್ಲಿನಲ್ಲಿ ನಿಲ್ಲಿಸಿಕೊಂಡು ಪೂಜಿಸುವುದುಂಟು. ಪಾತಮ್ಮ ಹೊಸ ಕಲ್ಲು ಹುಡುಕಲಿಲ್ಲ. ಮಗಳು ಕೈಯಾರೆ ನೆಟ್ಟು ಬಣ್ಣ ಬರೆದ ಕಲ್ಲು ಬಾಗಿಲಲ್ಲೇ ಇತ್ತು. ಸೋಮವಾರ ಸೋಮವಾರ ಅದಕ್ಕೆ ನೀರು ಹೊಯ್ದು, ಅರಿಶಿನ ಕುಂಕುಮ ಇಟ್ಟು, ಊದುಬತ್ತಿ ಹಚ್ಚತೊಡಗಿದಳು. ಮಳೆಗೆ ಸುಣ್ಣ ಹೋದರೆ ಸುಣ್ಣ ಬಳಿದಳು, ನೀಲಿ ಮಾಸಿದರೆ ನೀಲಿ ಹಚ್ಚಿದಳು. ಬೊಟ್ಟಿನ ಮೇಲೆ ಮಾತ್ರ ಕುಂಕುಮ ತಾಗಿಸುತ್ತಿರಲಿಲ್ಲ, ಅದು ಮಗಳ ಬರಹ. ಬರಬರುತ್ತಾ ಹಟ್ಟಿಯವರೂ ಅದರ ಮುಂದೆ ಚಪ್ಪಲಿ ಬಿಟ್ಟು ಕೈಮುಗಿದು ಹೋಗುವಂತಾಯಿತು. ನೆಪ್ಚೂನ್ ಹೀಗೆ ದೇವರಾದ.

ತಪ್ಪು ಹೊರಬಿದ್ದದ್ದು ಸ್ವಪ್ನ ಹೋದ ಮೇಲೆ ಬಂದ ಜನವರಿಯಲ್ಲಿ. ಎಂಟನೇ ಕ್ಲಾಸಿನಲ್ಲಿ ಲಂಬಕೋನ ತ್ರಿಭುಜದ ಪಾಠ. ಸುತ್ತಮುತ್ತ ಎಲ್ಲಾದರೂ ಅಂಥ ತ್ರಿಭುಜ ಹುಡುಕಿ ವಿಕರ್ಣ ಕಂಡುಹಿಡಿದು ಬನ್ನಿ ಎಂದಿದ್ದರು ಮೇಷ್ಟ್ರು. ಬೇರೆ ಮಕ್ಕಳು ಏಣಿ, ಗೋಡೆ, ಕಿಟಕಿ ಎಂದು ತಂದವು. ರೂಪ ಎಂಬ ಹುಡುಗಿ, ಸ್ವಪ್ನಳ ಪಕ್ಕದಲ್ಲೇ ಕೂರುತ್ತಿದ್ದವಳು, ಬೇಲಿಯ ಮೂಲೆಯನ್ನು ತಂದಳು. ಶಾಲೆಯಿಂದ ಮೂಲೆಗೆ ಎರಡು, ಮೂಲೆಯಿಂದ ಹಟ್ಟಿಗೆ ಒಂದು. ಎರಡರ ವರ್ಗ, ಒಂದರ ವರ್ಗ, ಕೂಡಿ ಐದು. ಐದರ ವರ್ಗಮೂಲ ಎರಡೂಕಾಲೂ ಇಲ್ಲ. ಪುಸ್ತಕವನ್ನು ಮೇಷ್ಟ್ರ ಮುಂದಿಟ್ಟು ಮೆಲ್ಲಗೆ ಹೇಳಿದಳು.

"ಸಾ, ನೆಪ್ಚೂನ್ ತಪ್ಪೈತೆ."

ಮೇಷ್ಟ್ರು ನೋಡಿದರು. ಒಂದು ಗೆರೆ ಎಳೆಯಲೂ ಎಡೆಯಿಲ್ಲದಷ್ಟು ಸರಿಯಾದ ಲೆಕ್ಕ. ಸೂರ್ಯನಿಂದ ಗ್ರಹಕ್ಕೆ ದೂರ ಅಳೆಯುವುದು ನೇರಕ್ಕೆ. ಇವರು ಅಳೆದದ್ದು ಬೇಲಿ ಸುತ್ತಿಕೊಂಡು. ಬೇರೆ ಊರಿನ ಮಕ್ಕಳಾಗಿದ್ದರೆ ಬಹುಶಃ ಈ ತಪ್ಪು ಮಾಡುತ್ತಿರಲಿಲ್ಲ. ಬೇಲಿಯ ಪಕ್ಕದಲ್ಲೇ ನಡೆಯಲು ಕಲಿತ ಮಕ್ಕಳಿಗೆ ಮೂಲೆಯನ್ನು ಸುತ್ತುವುದೇ ದಾರಿ, ಆ ದಾರಿಯೇ ದೂರ. ಬೇಲಿಯಾಚೆಗೆ ಒಂದು ನೇರವಿದೆ ಎಂಬುದು ಅವರ ಕಾಲಿಗೆ ಗೊತ್ತಿಲ್ಲ. ಆದರೆ ಮೇಷ್ಟ್ರಿಗೆ ಗೊತ್ತಿರಬೇಕಿತ್ತು. ಗಾಲಿಯ ಜೊತೆ ಅವರೂ ನಡೆದಿದ್ದರು, ಮೂಲೆಯಲ್ಲಿ ಅವರೂ ಎಡಕ್ಕೆ ತಿರುಗಿದ್ದರು.

ಹಾಗಾದರೆ ಕಲ್ಲು ಕೀಳಬೇಕಲ್ವಾ ಸಾ ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ಪೂಜೆ ಕಂಡ ಕಲ್ಲನ್ನು ಕದಲಿಸಬಾರದೆಂಬುದು ಅಲ್ಲಿದ್ದ ಪ್ರತಿ ಮಗುವಿಗೂ ಗೊತ್ತು. ತಪ್ಪನ್ನು ಮುಚ್ಚಿಡಬಾರದೆಂಬುದೂ ಗೊತ್ತು. ಹೇಳಿಕೊಟ್ಟವರು ಎದುರಿಗೇ ನಿಂತಿದ್ದರು. ಮೇಷ್ಟ್ರು ನೋಡೋಣ ಎಂದರು. ಅವರ ಬಾಯಿಂದ ಆ ಮಾತನ್ನು ಮಕ್ಕಳು ಅಲ್ಲಿಯವರೆಗೆ ಕೇಳಿರಲಿಲ್ಲ.

ಮರುದಿನದಿಂದ ರೇಖಾಗಣಿತ ಬಿಟ್ಟು ಬೀಜಗಣಿತ ಹಿಡಿದರು. ವಿಷಯ ಬಿಸಿ ತುಪ್ಪವಾಗಿ ಕೂತಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೇಳಿದರೆ, ಮಗಳನ್ನು ಕಳೆದುಕೊಂಡವಳ ಕೈಯಲ್ಲಿ ಉಳಿದಿರುವ ಒಂದೇ ಒಂದನ್ನೂ ತಪ್ಪೆಂದು ಹೇಳಿದ ಹಾಗೆ. ಹೇಳದಿದ್ದರೆ, ಇಷ್ಟು ವರ್ಷ ಮಕ್ಕಳ ರಬ್ಬರ್ ಕಿತ್ತುಕೊಂಡದ್ದೆಲ್ಲ ಬರೀ ದೌಲತ್ತು. ಹೆಡ್‌ಮಾಸ್ಟರ್ ಚಿಕ್ಕಬಸಪ್ಪನವರು ಒಳ್ಳೆಯವರು. ಗ್ರಹ ಒಂದು ಸಲ ಹತ್ತಿರ ಬರುತ್ತೆ, ಒಂದು ಸಲ ದೂರ ಹೋಗುತ್ತೆ ಅಂತ ಏನಾದರೂ ಹೇಳಿಬಿಡಿ, ಯಾರು ಕೇಳುತ್ತಾರೆ ಎಂದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಸೇರಿಸಿ, ತಕ್ಷಣ ನಾಲಿಗೆ ಕಚ್ಚಿಕೊಂಡರು.

ನಿಜ ಹೇಳಬೇಕೆಂದರೆ ಹೆಡ್‌ಮಾಸ್ಟರರ ಮಾತು ಓಬಳಪ್ಪನವರಿಗೆ ಹಿತವಾಗಿಯೇ ಕೇಳಿಸಿತ್ತು. ಬೋರ್ಡಿನ ಮೇಲೆ ನಾಲ್ಕು ದೊಡ್ಡ ಮಾತು ಬರೆದರೆ ಮಕ್ಕಳು ನಂಬುತ್ತವೆ. ರೂಪ ನಂಬುವುದಿಲ್ಲ, ಆದರೂ ಸುಮ್ಮನಿರುತ್ತಾಳೆ. ಆ ಸುಮ್ಮನಿರುವಿಕೆಯನ್ನು ನೆನೆದಾಗ ಅವರಿಗೆ ಹೆದರಿಕೆಯಾಯಿತು. ಸ್ವಪ್ನ ಇದ್ದಿದ್ದರೆ ಸುಮ್ಮನಿರುತ್ತಿದ್ದಳೇ? ಅದೂ ಅಲ್ಲದೆ, ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಮಕ್ಕಳ ಬಾಯಿಂದ ಇವತ್ತಲ್ಲ ನಾಳೆ ಹಟ್ಟಿಗೆ ಹೋಗೇ ಹೋಗುತ್ತದೆ. ಯಾರದೋ ಬಾಯಿಂದ ಪಾತಮ್ಮ ಕೇಳುವುದು ಬೇಡ ಎಂದು ಸೋಮವಾರ ಶಾಲೆಗೆ ಮುಂಚೆ ಬೈಕನ್ನು ಬೇಲಿಯ ಮೂಲೆಯಲ್ಲಿ ಹಟ್ಟಿಯ ಕಡೆ ತಿರುಗಿಸಿದರು.

ಪಾತಮ್ಮ ಆಗಷ್ಟೇ ಕಲ್ಲಿಗೆ ನೀರು ಹೊಯ್ದು ಎದ್ದಿದ್ದಳು. ಮೇಷ್ಟ್ರು ಚಪ್ಪಲಿ ಬಿಟ್ಟು ಕೈಮುಗಿದರು. ಆಮೇಲೆ ಕುಕ್ಕರಗಾಲಲ್ಲಿ ಕೂತು ಒಂದು ಕಡ್ಡಿ ತೆಗೆದುಕೊಂಡು ನೆಲದ ಮೇಲೆ ಶಾಲೆ, ಬೇಲಿ, ಮೂಲೆ, ಹಟ್ಟಿ ಎಲ್ಲವನ್ನೂ ಬರೆದು ತೋರಿಸಿದರು. ನಾವು ಹೀಗೆ ಸುತ್ತಿ ಬಂದು ಅಳೆದೆವು, ಅಳೆಯಬೇಕಿದ್ದದ್ದು ಹೀಗೆ ನೇರಕ್ಕೆ ಎಂದು ಶಾಲೆಯಿಂದ ಹಟ್ಟಿಗೆ ಬೇಲಿಯ ಮೇಲೆ ಹಾಯ್ದು ಒಂದು ಗೆರೆ ಎಳೆದರು. ಪಾತಮ್ಮ ಆ ಗೆರೆಯನ್ನು ನೋಡುತ್ತಾ ನಿಂತಳು.

"ಆ ದಾರ್‍ಯಾಗೇ ನಾನು ಮದುವ್ಯಾಗಿ ಬಂದಿದ್ದು ಮೇಷ್ಟ್ರೇ. ಕಾವಲ್ ದಾಟ್ಕಂಡು. ನನ್ ಮಗ್ಳು ಆ ದಾರಿ ನೋಡ್ಲೇ ಇಲ್ಲ." ಗೆರೆಯಿಂದ ಕಣ್ಣೆತ್ತಿ ಕೇಳಿದಳು. "ಅಂಗಾರೆ ಅವ್ಳು ತಪ್ಪಿದ್ಲಾ?"

ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಏನಾದರೂ ಹೇಳಿ ಎದ್ದುಬಿಡಬಹುದಿತ್ತು. ಮೇಷ್ಟ್ರು ಕಡ್ಡಿಯನ್ನು ಕೆಳಗಿಟ್ಟರು.

"ತಪ್ಪಿದ್ಲು ಕಣವ್ವ. ಭಾಗಾಕಾರ ಸರಿ, ಗುಣಾಕಾರ ಸರಿ. ದಾರಿ ತಪ್ಪು. ಅವಳ ಸಂಗಡ ನಾನೂ ತಪ್ಪಿದೆ."

ಪಾತಮ್ಮ ಅಳಲಿಲ್ಲ. ಬೈಯಲೂ ಇಲ್ಲ. ತಂಬಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ತೆಗೆದುಕೊಂಡಳು. ಕಲ್ಲು ಕೀಳೋಕೆ ಬಂದಿದ್ದೀರಾ ಎಂದು ಕೇಳಿದಳು. ಅದು ಅಲ್ಲಿ ಇರುವಂತಿಲ್ಲ ಎಂದುಕೊಂಡೇ ಮೇಷ್ಟ್ರು ವಾರವಿಡೀ ಒದ್ದಾಡಿದ್ದರು.

"ಅವ್ಳು ಪುಸ್ತಕದಾಗೆ ತಪ್ಪಿದ್ರೆ ಏನ್ ಮಾಡಸ್ತಿದ್ರಿ?"

"ಅದರ ಮೇಲೆ ಒಂದ್ ಗೆರೆ ಎಳಸ್ತಿದ್ದೆ. ಕೆಳಗೆ ಸರಿಯಾದ್ದು ಬರಸ್ತಿದ್ದೆ."

"ತಪ್ಪಾಗಿದ್ದ ಹಾಳೆ ಹರಿಸ್ತಿದ್ರಾ?"

ಓಬಳಪ್ಪ ಮೇಷ್ಟ್ರು ತಲೆ ಎತ್ತಿ ಅವಳನ್ನು ನೋಡಿದರು. ತಮ್ಮದೇ ನೇಮ ಒಂದು ವಾರ ತಮ್ಮ ಜೊತೆಯೇ ಇದ್ದೂ ಕಣ್ಣಿಗೆ ಬಿದ್ದಿರಲಿಲ್ಲ. ಇಲ್ಲವ್ವ, ಹರಿಸುತ್ತಿರಲಿಲ್ಲ ಎಂದರು.

ಸರಿಯಾದ ಜಾಗ ಎಲ್ಲಿ ಬರುತ್ತದೆ ಎಂದು ಪಾತಮ್ಮ ಕೇಳಿದಳು. ಹಟ್ಟಿ ದಾಟಿ ಆಚೆ, ಇನ್ನೂ ಮುಕ್ಕಾಲು ಕಿಲೋಮೀಟರಿಗೂ ಮಿಕ್ಕಿ ಎಂದರು ಮೇಷ್ಟ್ರು. ಅವಳು ಆ ಕಡೆ ತಿರುಗಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಆ ದಿಕ್ಕಿಗೆ ಹುಲ್ಲು, ಕಾರೆ ಗಿಡ ಬಿಟ್ಟರೆ ಏನೂ ಇರಲಿಲ್ಲ.

"ತಿದ್ದಾಕೆ ಅವ್ಳಿಲ್ಲ. ನಾನೇ ತಿದ್ತೀನಿ. ನಾಳೆ ಮಕ್ಕಳ್ನ ಕರ್ಕಂಡು ಬರ್ರಿ."

ಮಾರನೇ ದಿನ ಎಂಟನೇ ಕ್ಲಾಸೆಲ್ಲ ಬಂತು. ಬೇಲಿಯಾಚೆ ದೂರದಲ್ಲಿ ಶಾಲೆಯ ಪಕ್ಕದ ನೀರಿನ ಟ್ಯಾಂಕು ಕಾಣುತ್ತಿತ್ತು. ಟ್ಯಾಂಕು, ನೀಲಿ ಬೊಟ್ಟಿನ ಕಲ್ಲು, ಅದರಾಚೆ ಮಕ್ಕಳು ಹಿಡಿದು ನಿಂತ ಗಳ ಮೂರೂ ಒಂದೇ ಸಾಲಿಗೆ ಬರುವಂತೆ ದಿಕ್ಕು ಹಿಡಿದರು. ಹಿಂದಿನ ಗಳದವರು ಮುಂದಕ್ಕೆ ಹೋಗಿ ನಿಲ್ಲುವುದು, ಸಾಲು ಸರಿ ನೋಡುವುದು, ಮತ್ತೆ ಮುಂದಕ್ಕೆ. ಸೈಕಲ್ಲನ್ನು ಪಾತಮ್ಮ ಹಿಡಿದಳು. ಮೇಷ್ಟ್ರು ಬೇಡವೆನ್ನಲಿಲ್ಲ. ಗಾಲಿಗೆ ಕಟ್ಟಲು ಕೆಂಪು ಬಟ್ಟೆ ಹುಡುಕುತ್ತಿದ್ದಾಗ ಅವಳು ಸೊಂಟದಿಂದ ಮಗಳ ಜಡೆಯ ರಿಬ್ಬನ್ ತೆಗೆದು ಕೊಟ್ಟಳು. ರೂಪ ಅದನ್ನು ಕಟ್ಟಿ, ಗಾಲಿಯ ಪಕ್ಕದಲ್ಲೇ ನಡೆಯುತ್ತಾ ಎಣಿಸಿದಳು. ರಿಬ್ಬನ್ ನೆಲಕ್ಕೆ ಬಂದಾಗಲೆಲ್ಲ ಒಂದು. ಹಟ್ಟಿಯ ಮನೆಗಳು ಹಿಂದಾದವು, ಕುರಿ ರೊಪ್ಪ ಹಿಂದಾಯಿತು, ಆಮೇಲೆ ಎಣಿಕೆಯ ದನಿ ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಎಣಿಕೆ ಮುಗಿದ ಜಾಗ ಬಯಲು. ಹುಡುಗರು ಗುಂಡಿ ತೋಡಿ ಹೊಸ ಕಲ್ಲು ನೆಟ್ಟರು. ಸುಣ್ಣ ಬಳಿದದ್ದು ರೂಪ. ನೀಲಿ ಕಲಸಿ ಬೊಟ್ಟಿಟ್ಟದ್ದು ಪಾತಮ್ಮ. ಇಟ್ಟ ಮೇಲೆ ಎದ್ದು ಸೆರಗಿನಿಂದ ಕೈ ಒರೆಸಿಕೊಂಡು, ಬಂದ ದಾರಿಯ ಕಡೆ ತಿರುಗಿದಳು. ಹಟ್ಟಿ ಅಲ್ಲಿಂದ ಒಂದು ಹಿಡಿಯಷ್ಟು ಕಾಣುತ್ತಿತ್ತು. ಬಾಗಿಲ ಕಲ್ಲು ಕಾಣುತ್ತಲೇ ಇರಲಿಲ್ಲ.

"ಬಾಗ್ಲಾಗೆ ಐದಾಳೆ ಅಂತ ಅನ್ಕಂಡಿದ್ದೆ ಮೇಷ್ಟ್ರೇ. ದಿನಾ ಅನ್ಕಂತಿದ್ದೆ. ಎಷ್ಟು ದೂರ ಹೋದ್ಲು ಅಂತ ಈಗ ಗೊತ್ತಾತು."

ಓಬಳಪ್ಪ ಮೇಷ್ಟ್ರಿಗೆ ಅಂಕಿ ಬೇಡವೆಂದು ಎದ್ದು ನಿಂತಿದ್ದ ಹುಡುಗಿ ಕಣ್ಣಿಗೆ ಕಟ್ಟಿದಳು. ಸೈಕಲ್ಲನ್ನು ಪಾತಮ್ಮನ ಕೈಯಿಂದ ತೆಗೆದುಕೊಂಡು ನಡೆದರು. ಅವಳು ಹೊಸ ಕಲ್ಲಿಗೆ ಕೈಮುಗಿಯಲಿಲ್ಲ. ಅದನ್ನು ಒಮ್ಮೆ ಸವರಿ ಹಿಂದೆಯೇ ಬಂದಳು. ದಾರಿಯುದ್ದಕ್ಕೂ ಅವಳು ಅಳುತ್ತಿದ್ದಳು. ಮಕ್ಕಳು ತಲೆ ತಗ್ಗಿಸಿ ನಡೆದವು.

ಹಟ್ಟಿ ಬಾಗಿಲಿಗೆ ಬಂದಾಗ ಪಾತಮ್ಮ ಒಳಗೆ ಹೋಗಿ ಒಲೆಯಿಂದ ಒಂದು ತುಂಡು ಇದ್ದಿಲು ತಂದಳು. ಹಳೇ ಕಲ್ಲಿನ ಮುಂದೆ ಕೂತು ಇದ್ದಿಲನ್ನು ನೀಲಿ ಬೊಟ್ಟಿನ ಒಂದು ಪಕ್ಕಕ್ಕಿಟ್ಟು, ಕೈ ಎತ್ತದೆ ಇನ್ನೊಂದು ಪಕ್ಕದವರೆಗೆ ಎಳೆದಳು. ಗೆರೆ ಸ್ವಲ್ಪ ಸೊಟ್ಟಗಾಯಿತು. ಎಂದೂ ಪೆನ್ಸಿಲ್ ಹಿಡಿಯದ ಕೈ. ಇನ್ನೊಂದು ಸಲ ಎಳೆಯಲು ಹೋಗಿ ತಡೆದು, ರೂಪಳ ಮುಖ ನೋಡಿದಳು.

"ಒಂದೇ ಸಾಕೇನೇ?"

"ಒಂದೇ ಸಾಕವ್ವ," ಎಂದಳು ರೂಪ. "ಕೆಳಗಿರೋದು ಕಾಣ್ಬೇಕು."

ಪಾತಮ್ಮ ಇದ್ದಿಲನ್ನು ಪಕ್ಕಕ್ಕಿಟ್ಟು, ತಂಬಿಗೆ ತರಿಸಿ, ಆ ಕಲ್ಲಿನ ಬುಡಕ್ಕೆ ನೀರು ಹೊಯ್ದಳು.